ತಿಜೋರಿಯಲ್ಲಿ ಉಳಿದ ಪಟ್ಟಿ



ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರ ಪತನವೆಂದೊಡನೆ ವಾಟರ್‌ಗೇಟ್ ಕಟ್ಟಡದ ಕಳ್ಳತನ ಮತ್ತು ಗುಪ್ತ ಧ್ವನಿಸುರುಳಿಗಳು ನೆನಪಾಗುತ್ತವೆ. ಅದೇ ಹಗರಣದೊಳಗೆ ಆದಾಯ ತೆರಿಗೆಯ ಕಥೆಯೂ ಒಂದಿತ್ತು. ಲೆಕ್ಕದ ಪುಸ್ತಕಗಳ ನಡುವೆ ಬೆಳೆದ ಮನೆತನಗಳಿಗೆ ಹೆಚ್ಚು ಅರ್ಥವಾಗುವುದು ಅದೇ.

1972ರ ಸೆಪ್ಟೆಂಬರ್. ಚುನಾವಣೆಗೆ ಎರಡು ತಿಂಗಳು ಉಳಿದಿತ್ತು. ಶ್ವೇತಭವನದ ಕಾನೂನು ಸಲಹೆಗಾರ ಜಾನ್ ಡೀನ್ ಅವರು ತೆರಿಗೆ ಇಲಾಖೆಯ ಆಯುಕ್ತ ಜಾನಿ ವಾಲ್ಟರ್ಸ್ ಅವರಿಗೆ ಒಂದು ಪಟ್ಟಿಯನ್ನಿತ್ತರು. ನಿಕ್ಸನ್ನರ ಪ್ರತಿಸ್ಪರ್ಧಿ ಜಾರ್ಜ್ ಮೆಕ್‌ಗವರ್ನ್ ಅವರ ಸಿಬ್ಬಂದಿಯ ಹಾಗೂ ಅವರಿಗೆ ದೇಣಿಗೆ ಕೊಟ್ಟವರ ನೂರಾರು ಹೆಸರುಗಳು ಅದರಲ್ಲಿದ್ದವು. ಇವರ ಲೆಕ್ಕಪತ್ರಗಳ ತಪಾಸಣೆಯಾಗಬೇಕೆಂಬುದು ಮೇಲಿನವರ ಅಪೇಕ್ಷೆ. ವಾಲ್ಟರ್ಸ್ ಅವರನ್ನು ಆ ಹುದ್ದೆಗೆ ನೇಮಿಸಿದವರು ನಿಕ್ಸನ್ನರೇ. ಆದರೂ ಅವರು ನೇರವಾಗಿ ಖಜಾನೆ ಸಚಿವ ಜಾರ್ಜ್ ಶುಲ್ಟ್ಜ್ ಅವರ ಬಳಿಗೆ ಹೋದರು. ಏನೂ ಮಾಡಬೇಕಾಗಿಲ್ಲವೆಂದು ಇಬ್ಬರೂ ನಿರ್ಧರಿಸಿದರು. ಪಟ್ಟಿಯು ಮೊಹರಾದ ಲಕೋಟೆಯೊಳಗೆ ಸೇರಿ ತಿಜೋರಿಗೆ ಹೋಯಿತು; ಮರುವರ್ಷ ಸಂಸತ್ತಿನ ತೆರಿಗೆ ಸಮಿತಿಯ ಕೈಗೆ ಬಂತು.

ತಪಾಸಣೆಯ ನೋಟಿಸು ಎಂದರೇನೆಂದು ಈ ಸಭೆಗೆ ವಿವರಿಸಬೇಕಾಗಿಲ್ಲ. ಕೊನೆಯಲ್ಲಿ ಒಂದು ರೂಪಾಯಿಯ ತಪ್ಪೂ ಸಿಗದಿರಬಹುದು. ಅಷ್ಟರೊಳಗೆ ಬ್ಯಾಂಕಿನವರು ಸಾಲಕ್ಕೆ ಹಿಂಜರಿದಿರುತ್ತಾರೆ, ಪೇಟೆಯಲ್ಲಿ ಮಾತು ಹಬ್ಬಿರುತ್ತದೆ, ಮುಂದಿನ ಸಲ ದೇಣಿಗೆ ಕೊಡುವ ಕೈ ತಾನಾಗಿಯೇ ಹಿಂದೆ ಸರಿದಿರುತ್ತದೆ. ಅಧಿಕಾರಸ್ಥರಿಗೆ ಬೇಕಾದದ್ದೂ ಅಷ್ಟೇ.

ಇನ್ನು ಅಧ್ಯಕ್ಷರ ಸ್ವಂತ ಲೆಕ್ಕ. ಎರಡು ಲಕ್ಷ ಡಾಲರಿಗೂ ಮೀರಿದ ಆದಾಯವಿದ್ದ 1970ರಲ್ಲಿ ಅವರು ಕೊಟ್ಟ ಆದಾಯ ತೆರಿಗೆ 792 ಡಾಲರು, 1971ರಲ್ಲಿ 878. ತಮ್ಮ ಹಳೆಯ ಕಾಗದಪತ್ರಗಳನ್ನು ರಾಷ್ಟ್ರೀಯ ಪತ್ರಾಗಾರಕ್ಕೆ ದಾನವಿತ್ತುದಾಗಿ ತೋರಿಸಿ, 5 ಲಕ್ಷ 76 ಸಾವಿರ ಡಾಲರುಗಳ ವಿನಾಯಿತಿಯನ್ನು ಕೋರಿದ್ದರು. 1969ರ ಜುಲೈ 25ರ ಅನಂತರದ ಇಂತಹ ದಾನಕ್ಕೆ ಹೊಸ ಕಾನೂನಿನಲ್ಲಿ ವಿನಾಯಿತಿ ಇರಲಿಲ್ಲ. ದಾನಪತ್ರದ ಮೇಲಿದ್ದುದು 1969ರ ಮಾರ್ಚ್ ತಿಂಗಳ ತಾರೀಖು. ಪತ್ರ ಸಿದ್ಧವಾದದ್ದು ಮಾತ್ರ 1970ರ ಏಪ್ರಿಲ್‌ನಲ್ಲಿ! ಹಿಂದಿನ ತಾರೀಖು ಹಾಕುವ ಈ ಹಳೆಯ ಚಾಳಿಗೆ ದೇಶಭೇದವಿಲ್ಲ. ಸಂಸತ್ ಸಮಿತಿಯ ಸಿಬ್ಬಂದಿಯ ಎಣಿಕೆಯಂತೆ, ಬಡ್ಡಿ ಸೇರಿ ಬಾಕಿ ಇದ್ದುದು 4 ಲಕ್ಷ 76 ಸಾವಿರ ಡಾಲರು.

1974ರ ಜುಲೈ ತಿಂಗಳ ಕೊನೆಯಲ್ಲಿ ಎರಡೂ ವಿಷಯಗಳು ಪ್ರತಿನಿಧಿ ಸಭೆಯ ನ್ಯಾಯಾಂಗ ಸಮಿತಿಯ ಮುಂದೆ ಬಂದವು. ಸ್ವಂತ ತೆರಿಗೆಯ ಆರೋಪ 26ಕ್ಕೆ 12 ಮತಗಳಿಂದ ಬಿದ್ದುಹೋಯಿತು. ಇತರರ ಮೇಲೆ ತೆರಿಗೆ ಇಲಾಖೆಯನ್ನು ಛೂ ಬಿಡಲು ಯತ್ನಿಸಿದ ಸಂಗತಿಯಾದರೋ, ಅಧಿಕಾರ ದುರುಪಯೋಗದ ಆರೋಪಪಟ್ಟಿಯ ಮೊದಲ ಅಂಶವಾಗಿತ್ತು. ಆ ಆರೋಪ 28ಕ್ಕೆ 10 ಮತಗಳಿಂದ ಅಂಗೀಕೃತವಾಯಿತು. ಬೊಕ್ಕಸಕ್ಕೆ ನಿಜವಾಗಿ ನಷ್ಟವಾದದ್ದು ಮೊದಲನೆಯದರಿಂದ. ಎರಡನೆಯದು ಬಹುಮಟ್ಟಿಗೆ ಪ್ರಯತ್ನದ ಹಂತದಲ್ಲೇ ನಿಂತಿತ್ತು. ಆದರೂ ಸಮಿತಿಯ ವಿವೇಚನೆ ಸರಿಯಾದುದೇ: ತೆರಿಗೆಗಳ್ಳನಿಂದ ಬಡ್ಡಿ ಸಮೇತ ವಸೂಲು ಮಾಡಬಹುದು, ಹೆದರಿದ ಪ್ರಜೆಯ ಧೈರ್ಯವನ್ನು ಯಾವ ಚಲನ್ ತುಂಬಿಯೂ ಹಿಂದಿರುಗಿಸಲಾಗದು.

ಆಗಸ್ಟ್ 9ರಂದು ನಿಕ್ಸನ್ ಅಧಿಕಾರ ತ್ಯಜಿಸಿದರು. ತಿಂಗಳೊಳಗೆ ಉತ್ತರಾಧಿಕಾರಿ ಫೋರ್ಡ್ ಅವರಿಂದ ಸಂಪೂರ್ಣ ಕ್ಷಮಾದಾನ ದೊರೆಯಿತು. ಹಿಂದಿನ ತಾರೀಖಿನ ದಾನಪತ್ರಕ್ಕೆ ಸಂಬಂಧಿಸಿ ಜೈಲು ಕಂಡವರು ಶ್ವೇತಭವನದ ಮಾಜಿ ವಕೀಲರೊಬ್ಬರು.

ವಾಲ್ಟರ್ಸ್ ಅಂದು ಸ್ವಬುದ್ಧಿಯಿಂದ ಮಾಡಿದ್ದು 1998ರಲ್ಲಿ ಕಾನೂನಾಯಿತು. ನಿರ್ದಿಷ್ಟ ವ್ಯಕ್ತಿಯ ತಪಾಸಣೆಯನ್ನು ಆರಂಭಿಸಿರೆಂದಾಗಲಿ, ನಿಲ್ಲಿಸಿರೆಂದಾಗಲಿ ಅಧ್ಯಕ್ಷರು ತೆರಿಗೆ ಇಲಾಖೆಯನ್ನು ಕೇಳುವುದು ಈಗ ಅಪರಾಧ. ಅಂತಹ ಕೋರಿಕೆ ಬಂದರೆ ಇಲಾಖೆಯ ನೌಕರನು ಅದನ್ನು ಖಜಾನೆಯ ತೆರಿಗೆ ಆಡಳಿತದ ಇನ್‌ಸ್ಪೆಕ್ಟರ್ ಜನರಲ್ ಅವರಿಗೆ ವರದಿ ಮಾಡಲೇಬೇಕು.