ಕೊರತೆ ಎತ್ತರದ್ದಲ್ಲ, ಅಂಗಳದ್ದು

(ಭದ್ರಾವತಿಯ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಖಾನೆಯ ಮಾತಾಡಬೇಕಾದ ವೇದಿಕೆಯಲ್ಲಿ ಇವತ್ತು ಬಾಸ್ಕೆಟ್‌ಬಾಲ್ ಮಾತು ಎತ್ತುತ್ತಿದ್ದೇನೆ. ಆಟಕ್ಕೂ ಅನ್ನಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧ ಇದೆ, ಹೇಳುತ್ತೇನೆ.

ಅಮೆರಿಕದ ಎನ್.ಬಿ.ಎ. ಈ ಆಟದ ಅತಿ ದೊಡ್ಡ ಲೀಗ್. ಅಲ್ಲಿ 30 ತಂಡಗಳು. 2023-24ರ ಪಂದ್ಯಗಳು ಶುರುವಾದಾಗ ಹೊರದೇಶದ ಆಟಗಾರರೇ 125 ಮಂದಿ ಇದ್ದರು. 140 ಕೋಟಿ ಜನರ ಭಾರತದಿಂದ ಎಷ್ಟು ಮಂದಿ? ಒಬ್ಬರೂ ಇಲ್ಲ. ನಮ್ಮ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲೇ 17 ಲಕ್ಷ ದಾಟಿತ್ತು. ಸ್ಲೊವೇನಿಯಾ ಎಂಬ ಇಡೀ ದೇಶದ ಜನಸಂಖ್ಯೆ 21 ಲಕ್ಷ. ಲೂಕಾ ಡಾನ್ಚಿಚ್ ಅಲ್ಲಿಯವನು. 70 ಲಕ್ಷವೂ ಇಲ್ಲದ ಸರ್ಬಿಯಾದ ನಿಕೋಲಾ ಯೋಕಿಚ್ 2021, 2022, 2024ರಲ್ಲಿ ಆ ಲೀಗಿನ ಅತ್ಯುತ್ತಮ ಆಟಗಾರನೆನಿಸಿದ.

"ನಾವು ಕುಳ್ಳರು, ಅದಕ್ಕೇ" ಎನ್ನುವವರಿದ್ದಾರೆ. ಪಂಜಾಬಿನ ಹಳ್ಳಿಯ ಸತ್ನಾಮ್ ಸಿಂಗ್ ಕುಳ್ಳನೇ? ಏಳಡಿ ಮೀರಿದ ಆಳು! 2015ರಲ್ಲಿ ಡಲ್ಲಾಸ್ ತಂಡ ಅವನನ್ನು 52ನೆಯವನಾಗಿ ಆರಿಸಿಕೊಂಡಿತು. ನಮ್ಮ ದೇಶದಿಂದ ಹಾಗೆ ಆಯ್ಕೆಯಾದ ಮೊದಲಿಗ ಅವನೇ. ಆದರೂ ಲೀಗಿನ ಒಂದು ಪಂದ್ಯದಲ್ಲೂ ಅಂಗಳಕ್ಕೆ ಇಳಿಯಲಿಲ್ಲ. ಅವನು ವಿದ್ಯಾರ್ಥಿವೇತನದ ಮೇಲೆ ಫ್ಲಾರಿಡಾಕ್ಕೆ ಹೋದದ್ದು 14ರ ವಯಸ್ಸಿನಲ್ಲಿ. ಡಾನ್ಚಿಚ್ ಎಂಟಕ್ಕೇ ತನ್ನ ಊರಿನ ಕ್ಲಬ್ ಸೇರಿದ್ದ, 13ಕ್ಕೆ ಮ್ಯಾಡ್ರಿಡ್ ತಲುಪಿದ್ದ, 16ಕ್ಕೆ ದೊಡ್ಡವರ ಜೊತೆ ಆಡುತ್ತಿದ್ದ. ಎತ್ತರವನ್ನು ತಾಯಿತಂದೆ ಕೊಡುತ್ತಾರೆ, ಆಟವನ್ನು ಸಮಾಜ ಕೊಡಬೇಕು.

ನಮ್ಮ ಸಮಾಜ ಏನು ಕೊಟ್ಟಿದೆ? ಮೊದಲು ಹೊಟ್ಟೆಯ ಲೆಕ್ಕ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ಕರ್ನಾಟಕದ ಪಾಡೂ ಅಷ್ಟೇ. ಕುಳ್ಳತನ ಇದ್ದರೂ ಅದರಲ್ಲಿ ಎಷ್ಟು ಪಾಲು ರಕ್ತದ್ದು, ಎಷ್ಟು ಪಾಲು ಬಡತನದ್ದು? ಶಾಲೆಯ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಇಲ್ಲವೇ ಬಾಳೆಹಣ್ಣು ಸಿಗುವಂತಾಗಲು 2024ರ ತನಕ ಕಾಯಬೇಕಾಯಿತು.

ಎರಡನೆಯದು ಅಂಗಳ. ನಾನು ಮೇಷ್ಟ್ರಾಗಿದ್ದವನು. ಆಟದ ಪೀರಿಯಡ್ಡು ಬಂದರೆ ಗಣಿತದ ಬಾಕಿ ಪಾಠ ಮುಗಿಸುವುದು ಎಷ್ಟೋ ಶಾಲೆಗಳ ರೂಢಿ.

ಮೂರನೆಯದು ಅನ್ನದ ದಾರಿ. ಕೇರಳದ ಗೀತು ಅನ್ನಾ ಜೋಸ್ 2011ರಲ್ಲಿ ಅಮೆರಿಕದ ಮಹಿಳಾ ತಂಡಗಳು ಪರೀಕ್ಷೆಗೆ ಕರೆದ ಆಟಗಾರ್ತಿ. ಆಕೆಗೆ ನೌಕರಿ ಕೊಟ್ಟಿದ್ದು ರೈಲ್ವೆ. ನಮ್ಮಲ್ಲಿ ಬಾಸ್ಕೆಟ್‌ಬಾಲನ್ನು ಬಹುಕಾಲ ಸಾಕಿದ್ದು ರೈಲ್ವೆ, ಸೇನೆ, ಸರ್ಕಾರಿ ಕಾರ್ಖಾನೆಗಳೇ. ಆಟಗಾರನಿಗೆ ತಿಂಗಳ ಸಂಬಳ ಅಲ್ಲಿತ್ತು.

ಈಗ ನಮ್ಮ ಊರಿಗೆ ಬರೋಣ. 1949ರಲ್ಲಿ ಇದೇ ಭದ್ರಾವತಿಯಲ್ಲಿ ಗುಂಡಪ್ಪ ವಿಶ್ವನಾಥ್ ಹುಟ್ಟಿದರು. ಎತ್ತರದ ಆಳಲ್ಲ. 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟಿನಲ್ಲೇ 137 ಹೊಡೆದರು. ಕ್ರಿಕೆಟ್ಟಿಗೆ ಕ್ಲಬ್ಬು, ರಾಜ್ಯ ತಂಡ, ರಣಜಿ ಎಂಬ ಏಣಿ ಇತ್ತು, ಅವರು ಏರಿದರು. ಬಾಸ್ಕೆಟ್‌ಬಾಲಿಗೆ ಆ ಏಣಿಯ ಮೆಟ್ಟಿಲುಗಳೇ ಇಲ್ಲ. ಒಲಿಂಪಿಕ್ಸಿನಲ್ಲಿ ನಮ್ಮ ತಂಡ ಆಡಿದ್ದು 1980ರಲ್ಲಿ, ಮಾಸ್ಕೋದಲ್ಲಿ, ಅದೊಂದೇ ಸಲ.

ಕಾಗದದ ಕಾರ್ಖಾನೆ ನಿಂತಿತು. 1923ರಿಂದ ಕಬ್ಬಿಣ ಕರಗಿಸಿದ ನಮ್ಮ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಕಾರ್ಖಾನೆಗೆ ಬೀಗ ಬಿದ್ದರೆ ಸಂಬಳ ಮಾತ್ರ ನಿಲ್ಲುವುದಿಲ್ಲ. ವ್ಯಾಪಾರಿಯ ಉದ್ರಿ ಮುಳುಗುತ್ತದೆ, ಮಕ್ಕಳ ಮೈದಾನ ನಿವೇಶನವಾಗುತ್ತದೆ.

ಹೊಟ್ಟೆ ತುಂಬಿದ ಮೇಲೆ ಆಟ ಎನ್ನಬೇಡಿ. ದುಡಿಯುವವನ ಮಗುವಿಗೆ ಎರಡೂ ಹಕ್ಕು. 1951ರಲ್ಲಿ ಕಾಗೋಡಿನ ಗೇಣಿದಾರರು ಉಳುವ ನೆಲಕ್ಕಾಗಿ ಎದ್ದು ನಿಂತರು. ಆಡುವ ನೆಲಕ್ಕಾಗಿ ನಾವು ನಿಲ್ಲಬಾರದೇ? ಕಾರ್ಖಾನೆ ಉಳಿಯಲಿ. ಅದರ ಮೈದಾನಗಳು ಸಾರ್ವಜನಿಕವಾಗಿರಲಿ. ಶಿವಮೊಗ್ಗ, ಭದ್ರಾವತಿಯ ಪ್ರತಿ ಸರ್ಕಾರಿ ಹೈಸ್ಕೂಲಿಗೂ ಒಂದು ಅಂಗಳ, ಎರಡು ಬುಟ್ಟಿ, ಒಬ್ಬ ಆಟದ ಮೇಷ್ಟ್ರು ಬರಲಿ. ಈ ಬೇಡಿಕೆಯನ್ನು ನಗರಸಭೆಯ ಬಾಗಿಲಿಗೆ ಒಯ್ಯೋಣ. ಎನ್.ಬಿ.ಎ.ಗೆ ಯಾರು ಹೋಗುತ್ತಾರೋ ಆಮೇಲಿನ ಮಾತು. ಮೊದಲು ಮಕ್ಕಳು ಬೀದಿಯಿಂದ ಅಂಗಳಕ್ಕೆ ಹೋಗಲಿ.