ನಾವು ತಿರಸ್ಕರಿಸಿದ ಒಂದು ಅರ್ಜಿ
(ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯಂದು ಟ್ರಸ್ಟ್ ಪರವಾಗಿ ಮಾಡಿದ ಭಾಷಣ)



ಪ್ರತಿ ವರ್ಷ ಈ ಸಭೆಯಲ್ಲಿ ನಿಮಗೆ ಲೆಕ್ಕ ಒಪ್ಪಿಸುತ್ತೇವೆ. ಎಷ್ಟು ಅರ್ಜಿ ಬಂತು, ಎಷ್ಟು ಮಕ್ಕಳ ಶುಲ್ಕ ಕಟ್ಟಿದೆವು, ಎಷ್ಟು ಉಳಿಯಿತು ಎಂಬುದೆಲ್ಲ ವರದಿಯ ಕೊನೆಯ ಪುಟಗಳಲ್ಲಿದೆ. ಆ ಪುಟಗಳಲ್ಲಿ ಕಾಣದ ಒಂದು ವಿಷಯವನ್ನು ಇಂದು ಹೇಳಬೇಕಾಗಿದೆ.

ಎರಡು ವರ್ಷಗಳ ಹಿಂದೆ ಎಂ.ಎಸ್ಸಿ. ಭೌತಶಾಸ್ತ್ರ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ ನಮಗೆ ಪತ್ರ ಬರೆದಿದ್ದರು. ತಂದೆ ಟೆಂಪೊ ಚಾಲಕರು. ಶುಲ್ಕವನ್ನು ನಾವು ಮೊದಲೇ ಕಟ್ಟಿದ್ದೆವು. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಎರಡು ತಿಂಗಳು ಸೌರಕೋಶ ತಯಾರಿಸುವ ಕೆಲಸ ಕಲಿಯಲು ಅವಕಾಶ ಸಿಕ್ಕಿದೆ, ಬಸ್ಸಿನ ಖರ್ಚು, ಕೋಣೆ ಬಾಡಿಗೆ, ಊಟಕ್ಕೆ ನೆರವಾಗಬಹುದೇ ಎಂದು ಕೇಳಿದ್ದರು. ದೊಡ್ಡ ಮೊತ್ತವೇನಲ್ಲ. ಆದರೆ ನಮ್ಮ ನಿಯಮದಲ್ಲಿ ಇದ್ದದ್ದು ಶುಲ್ಕ, ಪುಸ್ತಕ, ಹಾಸ್ಟೆಲ್ ಈ ಮೂರೇ. 'ಪರೀಕ್ಷೆಗೆ ಸಂಬಂಧಿಸಿದ್ದಲ್ಲ' ಎಂದು ಬರೆದು ಅರ್ಜಿಯನ್ನು ಹಿಂದಿರುಗಿಸಿದೆವು. ಅವರು ಹೋಗಲಿಲ್ಲ. ಪದವಿ ಮುಗಿಸಿ ಈಗ ಪಿಯು ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದಾರೆ. ನಮ್ಮ ಮೇಲೆ ಒಂದು ದೂರೂ ಹೇಳಿಲ್ಲ. ಆದರೆ ಆ ಎರಡು ತಿಂಗಳು ಏನಾಗಬಹುದಿತ್ತು ಎಂಬುದನ್ನು ನಾವು ತಡವಾಗಿ ತಿಳಿದುಕೊಂಡೆವು. ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ನಮ್ಮ ಛಾವಣಿಗಳ ಮೇಲೆ ಕಾಣುವ ಫಲಕಗಳು ಹೆಚ್ಚಿನವು ಸಿಲಿಕಾನಿನವು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೊದಲ ಉಪಯುಕ್ತ ಸಿಲಿಕಾನ್ ಸೌರಕೋಶ ತಯಾರಾದಾಗ, ಬಿದ್ದ ಬಿಸಿಲಿನಲ್ಲಿ ಸುಮಾರು ಶೇ. 6ರಷ್ಟು ಮಾತ್ರ ವಿದ್ಯುತ್ ಆಗುತ್ತಿತ್ತು. ಇಂದು ಮಾರುಕಟ್ಟೆಯ ಒಳ್ಳೆಯ ಫಲಕ ಶೇ. 20 ದಾಟುತ್ತದೆ. ಆದರೆ ಸಿಲಿಕಾನ್ ಹರಳು ಬೆಳೆಸಬೇಕಾದರೆ ಅದನ್ನು 1,400 ಡಿಗ್ರಿಗೂ ಮೇಲಿನ ಶಾಖದಲ್ಲಿ ಕರಗಿಸಬೇಕು. ಅದಕ್ಕೆ ದೊಡ್ಡ ಕಾರ್ಖಾನೆ ಬೇಕು, ಬಹಳ ವಿದ್ಯುತ್ ಬೇಕು.

ಇದಕ್ಕೆ ಬೇರೆ ದಾರಿ ತೋರಿಸಿದವರಲ್ಲಿ ಒಬ್ಬ ವಿದ್ಯಾರ್ಥಿಯೂ ಇದ್ದರು. ಜಪಾನಿನ ಯೊಕೊಹಾಮಾದ ತೊಯಿನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ತ್ಸುತೊಮು ಮಿಯಾಸಾಕಾ ಅವರ ಪ್ರಯೋಗಾಲಯವಿತ್ತು. ಅಲ್ಲಿಗೆ ಬೇರೊಂದು ವಿಶ್ವವಿದ್ಯಾಲಯದಿಂದ ಅಕಿಹಿರೊ ಕೊಜಿಮಾ ಎಂಬ ವಿದ್ಯಾರ್ಥಿ ಕೆಲಸ ಕಲಿಯಲು ಬಂದರು. ಪೆರೋವ್‌ಸ್ಕೈಟ್ ಎಂಬ ಜಾತಿಯ ಹರಳನ್ನು ಸೌರಕೋಶದಲ್ಲಿ ಬಳಸಿ ನೋಡೋಣ ಎಂಬುದು ಅವರು ಹೊತ್ತು ತಂದ ವಿಚಾರ. ಈ ವಸ್ತುವನ್ನು ದ್ರಾವಣ ಮಾಡಿ, ತಿರುಗುವ ಗಾಜಿನ ಮೇಲೆ ಹನಿಸಿ, ಸುಮಾರು 100 ಡಿಗ್ರಿಯಲ್ಲಿ ಒಣಗಿಸಿದರೆ ತೆಳುವಾದ ಪದರ ಸಿದ್ಧವಾಗುತ್ತದೆ. 2009ರಲ್ಲಿ ಅವರ ಫಲಿತಾಂಶ ಪ್ರಕಟವಾಯಿತು. ದಕ್ಷತೆ ಶೇ. 3.8. ಕೋಶದೊಳಗಿದ್ದ ದ್ರವವೇ ಆ ಹರಳನ್ನು ಬೇಗನೆ ಕರಗಿಸಿಬಿಡುತ್ತಿತ್ತು. ಹೆಚ್ಚಿನವರು ಅದನ್ನು ಓದಿ ಸುಮ್ಮನಾದರು.

ಅದು ಅಲ್ಲಿಗೇ ನಿಲ್ಲದಿರಲು ಕಾರಣ ಜನರ ಓಡಾಟ. ಮಿಯಾಸಾಕಾ ಅವರ ಹಳೆಯ ಶಿಷ್ಯ ಟಕುರೊ ಮುರಾಕಮಿ ಸ್ವಿಟ್ಜರ್ಲೆಂಡಿನ ಲೊಸಾನ್‌ಗೆ ಹೋಗಿದ್ದಾಗ, ಅಲ್ಲೇ ಕೆಲಸ ಮಾಡುತ್ತಿದ್ದ ಇಂಗ್ಲೆಂಡಿನ ಹೆನ್ರಿ ಸ್ನೇತ್ ಪರಿಚಯವಾಗಿದ್ದರು. ಮುಂದೆ ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾದ ಸ್ನೇತ್, ತಮ್ಮ ಸಂಶೋಧನಾ ವಿದ್ಯಾರ್ಥಿ ಮೈಕಲ್ ಲೀ ಅವರನ್ನು ಜಪಾನಿಗೆ ಕಳುಹಿಸಿದರು. ಲೀ ಆ ಪದರ ಮಾಡುವ ವಿಧಾನವನ್ನು ಕಣ್ಣಾರೆ ಕಂಡು, ಕೈಯಾರೆ ಮಾಡಿ ಕಲಿತು ಹಿಂತಿರುಗಿದರು. ದ್ರವದ ಬದಲು ಘನ ವಸ್ತು ಬಳಸಿದ ಕೋಶ ಸಿದ್ಧವಾಯಿತು. 2012ರ ಪ್ರಬಂಧದಲ್ಲಿ ದಕ್ಷತೆ ಶೇ. 10.9ಕ್ಕೆ ಏರಿತ್ತು, ಲೇಖಕರ ಸಾಲಿನಲ್ಲಿ ಲೀ, ಮಿಯಾಸಾಕಾ, ಮುರಾಕಮಿ, ಸ್ನೇತ್ ಎಲ್ಲರೂ ಇದ್ದರು. ಅದೇ ವರ್ಷ ಕೊರಿಯಾ ಮತ್ತು ಸ್ವಿಟ್ಜರ್ಲೆಂಡಿನ ಇನ್ನೊಂದು ಜಂಟಿ ತಂಡವೂ ಘನ ಕೋಶ ಮಾಡಿ ತೋರಿಸಿತು. ಇಂದು ಪ್ರಯೋಗಾಲಯದ ಇಂಥ ಕೋಶಗಳು ಶೇ. 26 ದಾಟಿವೆ. ಸಿಲಿಕಾನಿನ ಮೇಲೆ ಇದನ್ನು ಹೊದಿಸಿದ ಜೋಡಿ ಕೋಶಗಳು ಶೇ. 34ನ್ನೂ ದಾಟಿವೆ. ತೇವ ಮತ್ತು ಶಾಖ ತಾಳದಿರುವ ದೋಷ ಇನ್ನೂ ಪೂರ್ತಿ ಹೋಗಿಲ್ಲ. ಇದರಲ್ಲಿ ಸೀಸ ಇರುತ್ತದೆ, ಅದೂ ಚಿಂತೆಯ ವಿಷಯವೇ. ಕೆಲಸ ಬೇಕಾದಷ್ಟು ಬಾಕಿ ಇದೆ.

ಪ್ರಬಂಧ ಮುದ್ರಣವಾಗಿತ್ತಲ್ಲ, ಓದಿ ಮಾಡಿದ್ದರೆ ಸಾಕಾಗುತ್ತಿರಲಿಲ್ಲವೇ ಎಂದು ನಮ್ಮ ಸಮಿತಿಯಲ್ಲೇ ಒಬ್ಬರು ಕೇಳಿದರು. ಪುಸ್ತಕ ನೋಡಿ ದಮ್ ಬಿರಿಯಾನಿಗೆ ಕೈ ಹಾಕಿದವರಿಗೆ ಉತ್ತರ ಗೊತ್ತಿದೆ. ಗಾಜು ಎಷ್ಟು ಶುಭ್ರವಾಗಿರಬೇಕು, ಹನಿ ಯಾವ ಕ್ಷಣದಲ್ಲಿ ಬೀಳಬೇಕು, ಕೋಣೆಯ ಗಾಳಿಯಲ್ಲಿ ತೇವ ಎಷ್ಟಿದ್ದರೆ ಪದರ ಕೆಡುತ್ತದೆ ಎಂಬುದನ್ನೆಲ್ಲ ಬಲ್ಲವರ ಪಕ್ಕದಲ್ಲಿ ನಿಂತೇ ಕಲಿಯಬೇಕು. ನಮ್ಮ ವಿದ್ಯಾರ್ಥಿನಿ ಕೇಳಿದ್ದು ಹಾಗೆ ಪಕ್ಕದಲ್ಲಿ ನಿಲ್ಲುವ ಎರಡು ತಿಂಗಳನ್ನು.

ಇಂಥ ಬಾಗಿಲುಗಳು ದೂರದ ದೇಶಗಳಲ್ಲಿ ಮಾತ್ರ ಇವೆ ಎಂದುಕೊಳ್ಳಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದೊಂದಿಗೆ ಸೇರಿ 2012ರಲ್ಲಿ 'ಸೀರಿಯಸ್' ಎಂಬ ಜಂಟಿ ಸೌರ ಸಂಶೋಧನಾ ಕೂಟವನ್ನು ಮುನ್ನಡೆಸಲು ಆರಂಭಿಸಿತು. ಎರಡೂ ದೇಶಗಳ ಸರ್ಕಾರಗಳು ಹಣ ಕೊಟ್ಟವು, ವಿಶ್ವವಿದ್ಯಾಲಯಗಳು, ಐಐಟಿಗಳು, ಉದ್ದಿಮೆಗಳು ಸೇರಿಕೊಂಡವು. ಯುವ ಸಂಶೋಧಕರು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಹೋಗಿ ಬಂದರು. ನಮ್ಮ ಮಕ್ಕಳಿಗೆ ಇನ್ನೂ ಹತ್ತಿರದ ಬಾಗಿಲುಗಳಿವೆ. ಸಣ್ಣ ಊರಿನ ಕಾಲೇಜಿನವರೂ ವಿಜ್ಞಾನ ಸಂಸ್ಥೆಯ ನ್ಯಾನೊ ಕೇಂದ್ರದ ದುಬಾರಿ ಉಪಕರಣಗಳಲ್ಲಿ ತರಬೇತಿ ಪಡೆಯಲೆಂದು 'ಐಎನ್‌ಯುಪಿ' ಎಂಬ ಕೇಂದ್ರ ಸರ್ಕಾರದ ಕಾರ್ಯಕ್ರಮವಿದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆಯಲ್ಲಿ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಆದರೆ ನಮ್ಮ ಮನೆಗಳ ಕಷ್ಟ ಬೇರೆ. ಸ್ಟೈಪೆಂಡ್ ಕೈಸೇರುವ ಮುನ್ನವೇ ಕೋಣೆಗೆ ಮುಂಗಡ ಕೊಡಬೇಕು. ಹೆಣ್ಣುಮಗಳಾದರೆ ಮೊದಲ ಸಲ ಜೊತೆಗೆ ತಂದೆಯೋ ಅಣ್ಣನೋ ಹೋಗಿ ಬರಬೇಕು, ಅವರ ದಿನಗೂಲಿ ತಪ್ಪುತ್ತದೆ. ಆಯ್ಕೆಯಾದವರೂ ಇಲ್ಲಿಯೇ ಹಿಂದೆ ಸರಿಯುತ್ತಾರೆ.

ಐಟಿಐ, ಡಿಪ್ಲೊಮಾ ಮಕ್ಕಳ ಪೋಷಕರು 'ಇದೆಲ್ಲ ನಮಗಲ್ಲ' ಎನ್ನುವ ಮೊದಲು ನಮ್ಮ ಹಾಸ್ಟೆಲಿನ ಛಾವಣಿಯ ಕಥೆ ಕೇಳಿ. ದಾನಿಗಳ ಹಣದಲ್ಲಿ ಫಲಕ ಹಾಕಿಸಿದೆವು. ಕೂರಿಸಲು ಬಂದ ಹುಡುಗರು ಅವುಗಳ ಮೇಲೆಯೇ ಓಡಾಡಿದರು, ನಾವೂ ಕೆಳಗೆ ನಿಂತು ಚಹಾ ಕೊಟ್ಟೆವು. ಮೂರನೇ ವರ್ಷಕ್ಕೆ ವಿದ್ಯುತ್ ಇಳಿಯಿತು. ಮೇಲಿನ ಗಾಜು ಹಾಗೇ ಇತ್ತು, ಒಳಗಿನ ಕೋಶಗಳಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿದ್ದವು. 2010ರಲ್ಲಿ ಐಐಟಿ ಬಾಂಬೆಯಲ್ಲಿ ಆರಂಭವಾದ ರಾಷ್ಟ್ರೀಯ ಸೌರಕೋಶ ಸಂಶೋಧನಾ ಮತ್ತು ಶಿಕ್ಷಣ ಕೇಂದ್ರದವರು, ರಾಷ್ಟ್ರೀಯ ಸೌರಶಕ್ತಿ ಸಂಸ್ಥೆಯ ಜೊತೆಗೂಡಿ, ದೇಶದುದ್ದಕ್ಕೂ ಸುತ್ತಿ ಫಲಕಗಳನ್ನು ಪರೀಕ್ಷಿಸಿದ್ದಾರೆ. ಸೆಕೆ ಹೆಚ್ಚಿರುವ ಪ್ರದೇಶಗಳಲ್ಲಿ ಫಲಕ ಬೇಗ ಸೊರಗುತ್ತದೆ, ದೊಡ್ಡ ಸ್ಥಾವರಗಳಿಗಿಂತ ಛಾವಣಿಯ ಸಣ್ಣ ಜೋಡಣೆಗಳು ಬೇಗ ಕೆಡುತ್ತವೆ ಎಂದು ಅವರು ಕಂಡರು. ಸಾಗಿಸುವಾಗ, ಕೂರಿಸುವಾಗ ಆಗುವ ಒರಟುತನವೂ ಅದಕ್ಕೊಂದು ಕಾರಣ. ಇದೇ ಕೇಂದ್ರದವರು ಎಂಜಿನಿಯರಿಂಗ್ ಕಾಲೇಜುಗಳ ಸಾವಿರ ಅಧ್ಯಾಪಕರಿಗೆ ಪಾಠ ಹೇಳುವ ಯೋಜನೆಯನ್ನೂ ನಡೆಸಿದರು. ಆ ಪಾಠ ಛಾವಣಿ ಹತ್ತುವ ಹುಡುಗನವರೆಗೆ ಇಳಿಯಬೇಕಲ್ಲ!

ಕೆಲಸ ಸಿಗುತ್ತದೆಯೇ ಎಂದೂ ಕೇಳುತ್ತೀರಿ. ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್ ಇದೆ. ಆದರೆ ಕಟ್ಟುವಾಗ ಬೇಕಾದಷ್ಟು ಜನ ಕಟ್ಟಿದ ಮೇಲೆ ಬೇಕಾಗುವುದಿಲ್ಲ. ಎಲ್ಲರಿಗೂ ಕೆಲಸ ಇದೆ ಎಂದು ನಾವು ಆಸೆ ಹುಟ್ಟಿಸುವುದಿಲ್ಲ. ಸರಿಯಾಗಿ ಅಳೆದು ದೋಷ ಪತ್ತೆಹಚ್ಚುವವರು ಕಡಿಮೆ ಇದ್ದಾರೆ ಎಂಬುದನ್ನು ಮಾತ್ರ ನಮ್ಮ ಛಾವಣಿ ನಮಗೆ ಕಲಿಸಿತು. ಅಂಥವರನ್ನು ಹುಡುಕಲು ನಮಗೆ ನಾಲ್ಕು ತಿಂಗಳು ಹಿಡಿಯಿತು.

ದಾನಿಗಳಲ್ಲಿ ಕೆಲವರ ಆತಂಕ ನ್ಯಾಯವಾದದ್ದೇ. ಇಂದು ಶುಲ್ಕವಿಲ್ಲದೆ ಮನೆಯಲ್ಲಿ ಕೂತಿರುವ ಮಗುವನ್ನು ಬಿಟ್ಟು, ಇಪ್ಪತ್ತು ವರ್ಷದ ನಂತರ ಫಲ ಕೊಡಬಹುದಾದ, ಕೊಡದೆಯೂ ಇರಬಹುದಾದ ಸಂಶೋಧನೆಗೆ ಹಣವೇ? ಹಾಗಲ್ಲ. ಶುಲ್ಕದ ನಿಧಿಯಿಂದ ಒಂದು ರೂಪಾಯಿಯನ್ನೂ ಇದಕ್ಕೆ ತೆಗೆಯುವುದಿಲ್ಲ. ಜಕಾತ್ ಖಾತೆ ಮೊದಲಿನಿಂದಲೂ ಪ್ರತ್ಯೇಕವಾಗಿದೆ, ಹಾಗೆಯೇ ಇರುತ್ತದೆ. ಪ್ರಯೋಗಾಲಯ ವಾಸಕ್ಕೆಂದು ಬೇರೆ ಖಾತೆ ತೆರೆದಿದ್ದೇವೆ. ಮನಸ್ಸಿದ್ದವರು ಅದಕ್ಕೆಂದೇ ಕೊಡಬಹುದು. ಈ ವರ್ಷ ನಾಲ್ವರನ್ನು ಕಳುಹಿಸುವಷ್ಟು ಕೂಡಿದೆ.

ಆ ವಿದ್ಯಾರ್ಥಿನಿಗೂ ನಾವು ಪತ್ರ ಬರೆದೆವು, ಈಗಲಾದರೂ ಹೋಗುವಿರಾ ಎಂದು. ಕಾಲೇಜಿನ ರಜೆ ನೋಡಿ ತಿಳಿಸುತ್ತೇನೆ ಎಂದು ಉತ್ತರಿಸಿದ್ದಾರೆ. ನಾಲ್ಕರಲ್ಲಿ ಒಂದು ಸ್ಥಾನವನ್ನು ಅವರಿಗೆ ಕಾದಿರಿಸಿದ್ದೇವೆ.

ಉಳಿದ ಮೂರಕ್ಕೆ ಬಿ.ಎಸ್ಸಿ., ಎಂ.ಎಸ್ಸಿ., ಬಿ.ಇ., ಡಿಪ್ಲೊಮಾ, ಐಟಿಐ ಯಾರೇ ಅರ್ಜಿ ಹಾಕಬಹುದು. ಕರೆಸಿಕೊಳ್ಳುವ ಪ್ರಯೋಗಾಲಯ ಅಥವಾ ತರಬೇತಿ ಕೇಂದ್ರದ ಪತ್ರ, ನಿಮ್ಮ ಅಧ್ಯಾಪಕರ ಪತ್ರ, ಅಲ್ಲಿ ಏನು ಕಲಿಯಲಿದ್ದೀರಿ ಎಂದು ನಿಮ್ಮದೇ ಮಾತಿನಲ್ಲಿ ಬರೆದ ಒಂದು ಪುಟ, ಇಷ್ಟು ಸಾಕು. ಅಂಕಪಟ್ಟಿಯ ನಕಲು ಇರಲಿ, ಆದರೆ ಅದನ್ನು ಕೊನೆಗೆ ನೋಡುತ್ತೇವೆ. ಜೊತೆಗೆ ಹೋಗುವ ಪೋಷಕರ ಪ್ರಯಾಣ ಖರ್ಚನ್ನೂ ಸೇರಿಸಿ ಬರೆಯಿರಿ, ಸಂಕೋಚ ಬೇಡ. ಅರ್ಜಿ ನಮೂನೆಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಊಟದ ನಂತರವೂ ನಮ್ಮ ಇಬ್ಬರು ಸದಸ್ಯರು ಅಲ್ಲಿಯೇ ಕೂತಿರುತ್ತಾರೆ.