ಕಿಬ್ಬೊಟ್ಟೆ ನೋವು



ಪೀಣ್ಯದ ಗಾರ್ಮೆಂಟ್ಸಿಗೆ ಹೋಗೋರು ನಿಮ್ಮಲ್ಲಿ ತುಂಬ ಜನ. ಕಿಬ್ಬೊಟ್ಟೆ ನೋವು ಬಂದರೆ ಮುಟ್ಟಿನ ನೋವು ಅಂತ ಮಾತ್ರೆ ನುಂಗಿ ಮತ್ತೆ ಮಿಷನ್ನಿಗೆ ಕೂರ್ತೀರಿ. ಎಲ್ಲ ನೋವೂ ಮುಟ್ಟಿನದಲ್ಲ.

ಟಾರ್ಗೆಟ್ ಮುಗೀಲಿ ಅಂತ ಒಂದಕ್ಕೆ ಹೋಗದೆ ತಡೀತೀರಿ. ಏಳಬೇಕಾದೀತು ಅಂತ ನೀರೂ ಕುಡಿಯಲ್ಲ. ಮೂತ್ರಚೀಲದಲ್ಲಿ ರೋಗಾಣು ಬೆಳೆಯುತ್ತೆ. ಆಗ ಉರಿ, ಪದೇ ಪದೇ ಅವಸರ, ಕಿಬ್ಬೊಟ್ಟೆ ನೋವು. ಚಳಿ ಜ್ವರ ಬಂದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಕುಡಿಯುವ ನೀರು, ಹೆಂಗಸರಿಗೆ ಬೇರೆ ಕಕ್ಕಸು ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಎದ್ದು ಹೋಗೋಕೆ ನಾಚಿಕೆ ಯಾಕೆ?

ವಾಸನೆಯ ಬಿಳಿ ಸೆರಗು, ಜೊತೆಗೆ ನೋವು, ಜ್ವರ ಇದ್ದರೆ ಗರ್ಭಕೋಶದ ಸೋಂಕು ಇರಬಹುದು. ಗಂಡನಿಗೂ ಔಷಧಿ ಬೇಕಾದೀತು.

ಇದನ್ನು ಮಾತ್ರ ಚೆನ್ನಾಗಿ ಕೇಳಿ. ಮುಟ್ಟು ತಪ್ಪಿದೆ. ಒಂದೇ ಪಕ್ಕ ಜೋರು ನೋವು. ತಲೆಸುತ್ತು. ಬಸಿರು ಗರ್ಭಕೋಶದಲ್ಲಿ ನಿಲ್ಲದೆ ನಳಿಕೆಯಲ್ಲಿ ನಿಂತಿರಬಹುದು. ನಳಿಕೆ ಒಡೆದರೆ ಹೊಟ್ಟೆಯೊಳಗೇ ರಕ್ತ ಹರಿಯುತ್ತೆ. ಮಕ್ಕಳಾಗದ ಆಪರೇಷನ್ ಆದವರಿಗೂ ಅಪರೂಪಕ್ಕೆ ಹೀಗಾಗೋದುಂಟು. ಶಿಫ್ಟ್ ಮುಗಿಯೋವರೆಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿಸಿ.

ಉಳಿದ ನೋವಿಗೆ ಇಎಸ್‌ಐ ಕಾರ್ಡ್ ತಗೊಂಡು ಹೋಗಿ. ಹಿಂದಿನ ಮುಟ್ಟಿನ ತಾರೀಖು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಈಗ ಬರೆಯೋಕೆ ಬರುತ್ತಲ್ಲ! ಡಾಕ್ಟರು ಮೊದಲು ಕೇಳೋದೇ ಅದನ್ನ.